ರಸ್ತೆ ಸುಸ್ಥಿತಿಯಲ್ಲಿದೆ

ಮೇಸ್ತ್ರಿ ಕ್ವಾರ್ಟರ್ಸ್, ಮೇಲಿನ ಗೇಟು
ಮಾರ್ಚ್ 4

ಪ್ರೀತಿಯ ಪೆನ್ಸಿಲ್,

ಕೆಲಸವಿದ್ದಾಗ ಮಾತ್ರ ಅಕ್ಕನಿಗೆ ತಮ್ಮನ ನೆನಪಾಗುತ್ತದೆ ಎಂದು ಮೂತಿ ಉಬ್ಬಿಸಬೇಡ. ಮೂತಿ ಉಬ್ಬಿಸಿದರೂ ಕೆಲಸ ಮಾತ್ರ ಮಾಡಿಕೊಡು.

ಶುಕ್ರವಾರದ ಅಂಚೆ ಚೀಲದಲ್ಲಿ ಉದ್ಯಾನದ ಕಚೇರಿಯಿಂದ ಒಂದು ಕಾಗದ ಬಂತು. ರಾಷ್ಟ್ರೀಯ ಉದ್ಯಾನದೊಳಗಿನ ನಮ್ಮ ಮೂವತ್ತೊಂದು ಕಿಲೋಮೀಟರ್ ರಸ್ತೆಗೆ ಬರುವ ವರ್ಷದಿಂದ ನಿರ್ವಹಣೆಯ ಅನುದಾನ ಅಗತ್ಯವಿಲ್ಲವೆಂದು ‘ಅಭಿಪ್ರಾಯಪಡಲಾಗಿದೆ’ಯಂತೆ. ಯಾರು ಪಟ್ಟರು ಈ ಅಭಿಪ್ರಾಯವನ್ನು? ಎಲ್ಲಿ ಕುಳಿತು ಪಟ್ಟರು? ನಮ್ಮ ಒಂಬತ್ತು ಜನರ ಗ್ಯಾಂಗನ್ನು ಬೇರೆ ಬೇರೆ ಕಡೆ ಹಂಚಿ ಹಾಕುತ್ತಾರಂತೆ. ಕೈ ಆಡಿಸುವವರಿಲ್ಲದ ಬೆಟ್ಟದ ರಸ್ತೆ ಎಷ್ಟು ದಿನ ಬಾಳುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ನೀನೂ ಈ ರಸ್ತೆಯ ಮಗನೇ. ಎರಡು ಮಳೆಗಾಲ. ಮೂರನೆಯದಕ್ಕೆ ಮೋರಿಗಳೆಲ್ಲ ಹೂತು ನೀರು ಡಾಂಬರಿನ ಮೇಲೆ ಹರಿಯುತ್ತದೆ. ಆಮೇಲೆ ಗೇಟಿಗೆ ಬೀಗ.

ರೋಲರ್ ಮಾವ ಕಾಗದ ಕೇಳಿ ಟೀ ಲೋಟ ಕೆಳಗಿಟ್ಟು, "ಮೂವತ್ತು ವರ್ಷ ಈ ಕಬ್ಬಿಣದ ಎಮ್ಮೇನ ಓಡಿಸ್ದೆ, ಈಗ ನನ್ನನ್ನ ಹುಲ್ಲು ಕೀಳೋಕೆ ಕಳಿಸ್ತಾರಾ?" ಎಂದ. ಯಾರೂ ನಗಲಿಲ್ಲ.

ಟಿಪ್ಪಣಿ ನಿಮ್ಮ ಹಣಕಾಸು ಇಲಾಖೆಯಿಂದ ಬಂದದ್ದೆಂದು ಕಾಗದದ ತುದಿಯಲ್ಲಿದೆ. ನೀನು ಅದೇ ಕಟ್ಟಡದಲ್ಲಿ ಕೂರುತ್ತೀಯಲ್ಲ? ಅದನ್ನು ಬರೆದ ಪುಣ್ಯಾತ್ಮ ಯಾರೆಂದು ಪತ್ತೆ ಮಾಡು. ಬೈಯಲಿಕ್ಕಲ್ಲ. ಕರೆತಂದು ಒಂದು ದಿನ ನನ್ನ ಜೊತೆ ನಡೆಸುತ್ತೇನೆ, ಅಷ್ಟೇ. ಇಡೀ ದೇಶದಲ್ಲಿ ಇಂಥ ರಸ್ತೆ ಇನ್ನೊಂದಿದ್ದರೆ ತೋರಿಸಲಿ.

ಅಪ್ಪನಿಗೆ ಇನ್ನೂ ಹೇಳಿಲ್ಲ. ದಿನಾ ಸಂಜೆ ನಾನು ಬೂಟು ಬಿಚ್ಚುವಾಗ "ರಸ್ತೆ ಹೇಗಿದೆ?" ಎಂದು ಕೇಳುತ್ತಾರೆ. "ಚೆನ್ನಾಗಿದೆ" ಎನ್ನುತ್ತೇನೆ. ಎಪ್ಪತ್ತೊಂದಾದರೂ ಮೇಸ್ತ್ರಿಗಿರಿ ಬಿಟ್ಟಿಲ್ಲ.

ಇಲ್ಲಿ ಫೋನು ಹಿಡಿಯಬೇಕಾದರೆ ಒಂದು ಗಂಟೆ ಗುಡ್ಡ ಹತ್ತಬೇಕು, ಹತ್ತಿದರೂ ‘ಹಲೋ’ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಆದ್ದರಿಂದ ಬರಿ. ಬಸ್ಸಿನವನು ಮಂಗಳವಾರ, ಶುಕ್ರವಾರ ಚೀಲ ತರುತ್ತಾನೆ.

ನಿನ್ನ ಅಕ್ಕ


ಹಣಕಾಸು ಇಲಾಖೆ, ಮೂರನೇ ಮಹಡಿ
ಮಾರ್ಚ್ 15

ಪ್ರೀತಿಯ ಅಕ್ಕ,

ನಿನ್ನ ಕಾಗದ ಸಿಕ್ಕಿತು. ಉತ್ತರ ಬರೆಯಲು ತಡವಾಯಿತು, ವರ್ಷದ ಕೊನೆಯ ಕೆಲಸದ ಒತ್ತಡ.

ಇಲ್ಲಿ ಟಿಪ್ಪಣಿ ಬರೆದವರು ಯಾರೆಂದು ಹೇಳುವುದು ನೀನು ಅಂದುಕೊಂಡಷ್ಟು ಸುಲಭವಲ್ಲ. ಒಬ್ಬ ಬರೆಯುತ್ತಾನೆ, ಇನ್ನೊಬ್ಬರು ತಿದ್ದುತ್ತಾರೆ, ಮೂರನೆಯವರು ಸಹಿ ಹಾಕುತ್ತಾರೆ. ನಮ್ಮ ಕೋಣೆಯಲ್ಲಿ ನಾಲ್ಕು ಮೇಜು, ಒಂದು ಕಿಟಕಿ. ಕಿಟಕಿಯ ಹೊರಗೆ ಇನ್ನೊಂದು ಕಟ್ಟಡದ ಗೋಡೆ ಇದೆ. ಉದ್ಯಾನಗಳ ಕಡತ ಈ ಮಹಡಿಯಲ್ಲೇ ಓಡಾಡುತ್ತದೆ ಎನ್ನುವುದು ನಿಜ. ಹನ್ನೊಂದು ರಸ್ತೆಗಳಿವೆ, ಸರ್ಕಾರ ಕೊಟ್ಟದ್ದು ಏಳಕ್ಕೆ ಮಾತ್ರ ಸಾಲುತ್ತದೆ. ಯಾರು ಬರೆದರೂ ನಾಲ್ಕನ್ನು ಬಿಡಲೇಬೇಕಿತ್ತು.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀನು ಪ್ರತಿ ತಿಂಗಳು ಕಳಿಸುವ ವರದಿಯಲ್ಲಿ ಬರೆದದ್ದೆಲ್ಲ ಇದ್ದದ್ದು ಇದ್ದ ಹಾಗೆಯೇ ತಾನೆ?

ಅಪ್ಪನ ಮಂಡಿ ನೋವು ಹೇಗಿದೆ? ಈ ವರ್ಷವಾದರೂ ಬರಬೇಕೆಂದಿದ್ದೇನೆ, ರಜೆ ಸಿಗುತ್ತದೆಯೋ ನೋಡಬೇಕು.

ನಿನ್ನ ತಮ್ಮ


ಮೇಲಿನ ಗೇಟು
ಮಾರ್ಚ್ 22

ತಮ್ಮಾ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಆ ಕುರ್ಚಿ ನಿನಗೆ ಚೆನ್ನಾಗಿ ಕಲಿಸಿದೆ. ಹೋಗಲಿ. ಆದರೆ ನನ್ನ ವರದಿಯ ಬಗ್ಗೆ ಕೇಳಿದೆಯಲ್ಲ, ಅದಕ್ಕೆ ಮಾತ್ರ ಮೈ ಉರಿಯಿತು.

ಕೇಳಿಸಿಕೋ. ಅಪ್ಪ ಇಪ್ಪತ್ತಾರು ವರ್ಷ, ನಾನು ಹನ್ನೊಂದು ವರ್ಷ, ಒಂದು ತಿಂಗಳೂ ತಪ್ಪದೆ ವರದಿ ಕಳಿಸಿದ್ದೇವೆ. ‘ರಸ್ತೆಯ ಸ್ಥಿತಿ’ ಎಂಬಲ್ಲಿ ಒಂದೇ ಮಾತು: ‘ಸುಸ್ಥಿತಿಯಲ್ಲಿದೆ’. ಅಪ್ಪನ ನಿಯಮ ನಿನಗೆ ಮರೆತಿರಬಹುದು. ಗುಂಡಿ ಕಂಡರೆ ಮೊದಲು ಮುಚ್ಚು, ಆಮೇಲೆ ಬರಿ. ಗುಂಡಿ ಇದೆ ಎಂದು ಬರೆದುಕೊಡುವವನು ಮೇಸ್ತ್ರಿಯಲ್ಲ, ದೂರು ಹೇಳುವವನು. ಹಾಗಾಗಿ ತಿಂಗಳ ಕೊನೆಯ ವಾರ ನಾವು ಹೊತ್ತು ಗೊತ್ತು ನೋಡುವುದಿಲ್ಲ. ಡಾಂಬರು ಬಾರದಿದ್ದರೆ ಕಲ್ಲುಪುಡಿ, ಅದೂ ಇಲ್ಲದಿದ್ದರೆ ಹಳೆಯ ಡಾಂಬರನ್ನೇ ಕಿತ್ತು ಕಾಯಿಸಿ ಹಾಕುತ್ತೇವೆ. ಎರಡು ವರ್ಷದಿಂದ ಹೊಸ ಡಾಂಬರಿನ ಒಂದು ಡ್ರಮ್ಮೂ ಬಂದಿಲ್ಲ. ಬಂದಿಲ್ಲವೆಂದು ಯಾರಿಗೂ ಗೊತ್ತಾಗದಂತೆ ರಸ್ತೆ ನಡೆಸಿದ್ದೇವೆ. ಇದು ಸುಳ್ಳು ವರದಿ ಎನ್ನುತ್ತೀಯಾ?

ಹೌದು, ಏಳನೇ ತಿರುವಿನ ನೋಟದ ಕಟ್ಟೆ ಗೊತ್ತಲ್ಲ, ಬಸ್ಸು ನಿಲ್ಲಿಸಿ ಜನ ಜಲಪಾತದ ಫೋಟೋ ತೆಗೆಯುವ ಜಾಗ, ಅದರ ಕೆಳಗಿನ ತಡೆಗೋಡೆ ಕೊಂಚ ಹೊಟ್ಟೆ ಬಿಟ್ಟಿದೆ. ನಮ್ಮ ಸಾಹೇಬರಿಗೂ ಬಿಟ್ಟಿದೆ. ಅವರೇನು ಬಿದ್ದುಹೋದರೇ?

ಮೇ ತಿಂಗಳಲ್ಲಿ ಒಂದು ಸಮಿತಿ ಬರುತ್ತದಂತೆ, ಕಣ್ಣಾರೆ ನೋಡಿ ಕೊನೆಯ ಮಾತು ಹೇಳಲು. ಬರಲಿ. ರಸ್ತೆಯನ್ನು ಕನ್ನಡಿಯ ಹಾಗೆ ಮಾಡಿ ಇಡುತ್ತೇನೆ. ನೋಡಿದ ಮೇಲೆ ಬಿಡಲು ಅವರಿಗೆ ಮನಸ್ಸು ಬಂದರೆ ಕೇಳು.

ಅಕ್ಕ


ಮೇಲಿನ ಗೇಟು
ಏಪ್ರಿಲ್ 8

ಪೆನ್ಸಿಲ್,

ಎರಡು ವಾರವಾಯಿತು, ಕಾಗದವಿಲ್ಲ. ಹೋದ ಸಲ ನಾನು ಖಾರವಾಗಿ ಬರೆದೆ. ಆಮೇಲೆ ಯೋಚಿಸಿದೆ. ನೀನು ಆ ಟಿಪ್ಪಣಿ ಬರೆದವನ ಜೊತೆ ಜಗಳಕ್ಕೆ ಬಿದ್ದಿರಬೇಕು, ನನಗೆ ಹೇಳಿದರೆ ಹೆದರುತ್ತೇನೆಂದು ಸುಮ್ಮನಿದ್ದೀಯ. ಚಿಕ್ಕವನಿದ್ದಾಗಲೂ ಹೀಗೇ, ಶಾಲೆಯಲ್ಲಿ ಹೊಡೆತ ತಿಂದು ಬಂದರೆ ಅಂಗಿಯ ತೋಳು ಇಳಿಬಿಟ್ಟುಕೊಂಡು ತಿರುಗುತ್ತಿದ್ದೆ.

ನನಗಾಗಿ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ. ಆದರೆ ಒಳಗೊಳಗೇ ಖುಷಿಯಾಯಿತು ಕಣೋ. ಅಪ್ಪನಿಗೂ ಈಗ ಅನುದಾನದ ವಿಷಯ ಹೇಳಿದೆ. "ಅವನಿದ್ದಾನಲ್ಲ ಅಲ್ಲಿ" ಎಂದರು. ನೀನು ರಸ್ತೆ ಬಿಟ್ಟು ಆ ಕುರ್ಚಿಗೆ ಹೋದ ಆರು ವರ್ಷದಲ್ಲಿ ಮೊದಲ ಸಲ ನಿನ್ನ ಬಗ್ಗೆ ಒಳ್ಳೆಯ ಮಾತು.

ಅಕ್ಕ


ಹಣಕಾಸು ಇಲಾಖೆ
ಏಪ್ರಿಲ್ 11

ಅಕ್ಕ,

ನಿನ್ನ ಎಂಟನೇ ತಾರೀಖಿನ ಕಾಗದ ಈಗಷ್ಟೇ ಓದಿದೆ. ಮೂರು ಸಲ ಉತ್ತರ ಬರೆದು ಹರಿದಿದ್ದೆ. ಇದನ್ನು ಓದಿದ ಮೇಲೆ ಹರಿಯಲು ಮುಖವಿಲ್ಲ.

ಆ ಟಿಪ್ಪಣಿ ಬರೆದವನು ನಾನೇ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಿನ್ನ ಪಾಡು. ಮೊದಲ ಕಾಗದಕ್ಕೇ ಹೇಳಬೇಕಿತ್ತು, ಹೇಳಲಿಲ್ಲ. ಹೆದರಿದೆ.

ಹೇಗಾಯಿತೆಂದು ಹೇಳುತ್ತೇನೆ, ಸಮರ್ಥಿಸಿಕೊಳ್ಳಲಿಕ್ಕಲ್ಲ. ಜನವರಿಯಲ್ಲಿ ಹನ್ನೊಂದು ರಸ್ತೆಗಳ ಐದು ವರ್ಷದ ವರದಿಗಳು ನನ್ನ ಮೇಜಿಗೆ ಬಂದವು. ಹತ್ತರಲ್ಲಿ ಗುಂಡಿ, ಕುಸಿತ, ಮುರಿದ ಮೋರಿ, ಫೋಟೋ, ಗಾಯಗೊಂಡವರ ಪಟ್ಟಿ. ನಿನ್ನದರಲ್ಲಿ ಅರವತ್ತು ಹಾಳೆ, ಅರವತ್ತರಲ್ಲೂ ಒಂದೇ ಮಾತು. ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು? ‘ಅನುದಾನ ಕಡಿಮೆಯಾದಾಗಲೂ ಈ ರಸ್ತೆ ಸುಸ್ಥಿತಿಯಲ್ಲೇ ಇರುವುದರಿಂದ ಅನುದಾನದ ಅಗತ್ಯ ಕಂಡುಬರುವುದಿಲ್ಲ’ ಎಂದು ಬರೆದೆ. ಹಾಳೆಗಳ ಕೆಳಗಿನ ಸಹಿ ನಿನ್ನದೆಂದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇನ್ನೂ ಬಿಗಿಯಾಗಿ ಬರೆದೆ. ಅಕ್ಕನ ರಸ್ತೆಗೆ ದುಡ್ಡು ಕೊಡಿಸಿದ ಎನ್ನುವ ಮಾತು ಬರಬಾರದು ಎಂದು. ನೀನು ನನ್ನ ಅಕ್ಕನೆಂದು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಅಪ್ಪನಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಆದರೆ ಏಳನೇ ತಿರುವಿನ ಗೋಡೆಯ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಎಷ್ಟು ಉಬ್ಬಿದೆ? ತಮಾಷೆ ಬಿಟ್ಟು ಹೇಳು.

ತಮ್ಮ


ಮೇಲಿನ ಗೇಟು
ಏಪ್ರಿಲ್ 24

ಹಣಕಾಸು ಇಲಾಖೆಯ ಗುಮಾಸ್ತರಿಗೆ,

ತಮ್ಮ ಏಪ್ರಿಲ್ 11ರ ಪತ್ರ ತಲುಪಿದೆ.

ತಾವು ಕೇಳಿದ ಮಾಹಿತಿ: ಗೂಟ ಹೊಡೆದು ದಾರ ಕಟ್ಟಿ ಅಳೆದಿದ್ದೇನೆ. ಮಾರ್ಚ್ ಮೊದಲ ವಾರ ಎರಡೂವರೆ ಬೆರಳು. ಇಂದು ಬೆಳಿಗ್ಗೆ ನಾಲ್ಕು ಬೆರಳು. ಕಟ್ಟೆಯ ಮೇಲಿನ ನೆಲದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆ, ನನ್ನ ಕಿರುಬೆರಳು ಒಳಗೆ ಹೋಗುತ್ತದೆ.

ತಮ್ಮ ತಂದೆಯವರಿಗೆ ತಾವೇ ಬರೆಯುವುದು. ನಾನು ಹೇಳುವುದಿಲ್ಲ.

ಮೇಲ್ವಿಚಾರಕಿ, ಮೇಲಿನ ಗೇಟಿನ ರಸ್ತೆ

ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಬಸ್ಸಿನವನು ಬರಲು ತಡವಾಯಿತು, ಮತ್ತೆ ಬಿಚ್ಚಿದೆ. ನಿನ್ನ ಮೇಲೆ ಬಂದ ಕೋಪ ಇನ್ನೂ ಇಳಿದಿಲ್ಲ, ಇಳಿಯುವ ತನಕ ‘ತಮ್ಮಾ’ ಎಂದು ಬರೆಯುವುದಿಲ್ಲ. ಆದರೆ ಒಂದು ವಾರದಿಂದ ಬೀರುವಿನಲ್ಲಿರುವ ವರದಿಗಳ ನಕಲು ತೆಗೆದು ಓದುತ್ತಿದ್ದೇನೆ. ನಿನ್ನ ಜಾಗದಲ್ಲಿ ಕೂತು ಓದಿದರೆ ನಾನೂ ಅದನ್ನೇ ಬರೆಯುತ್ತಿದ್ದೆನೋ ಏನೋ. ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡವಳು ನಾನೇ. ಇದನ್ನು ಬರೆಯುವುದಕ್ಕೆ ನನಗೆಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಿರಲಿ.


ಹಣಕಾಸು ಇಲಾಖೆ
ಮೇ 2

ಅಕ್ಕ,

ಕ್ಷಮೆ ಕೇಳಿ ಸಮಯ ಹಾಳು ಮಾಡುವುದಿಲ್ಲ. ಮುಂದಿನ ಕೆಲಸ ಹೇಳುತ್ತೇನೆ.

ಮೊನ್ನೆ ಶಾಖಾಧಿಕಾರಿ ಮೇಡಂ ಮುಂದೆ ನಿಂತು, ಆ ರಸ್ತೆಯ ಮೇಲ್ವಿಚಾರಕಿ ನನ್ನ ಸ್ವಂತ ಅಕ್ಕ ಎಂದು ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಮೊದಲೇ ಹೇಳಿದ್ರೆ ಕಡತ ಬೇರೆಯವರಿಗೆ ಕೊಡ್ತಿದ್ದೆ. ಈಗ ಹೇಳಿ ನನ್ನ ತಲೆನೂ ಕೆಡಿಸಿದ್ರಿ" ಎಂದರು. ಆಮೇಲೆ, ನನ್ನ ಟಿಪ್ಪಣಿ ತಪ್ಪೆಂದು ನಾನೇ ಬರೆದುಕೊಟ್ಟರೆ ಕಡತಕ್ಕೆ ಸೇರಿಸುವುದಾಗಿ ಒಪ್ಪಿದರು. ಬರೆದುಕೊಟ್ಟಿದ್ದೇನೆ. ಆದರೆ ನನ್ನ ಮಾತೊಂದೇ ಸಾಲದು, ಆಧಾರ ಬೇಕು. ಆ ಆಧಾರ ನಿನ್ನ ಏಪ್ರಿಲ್ ವರದಿ. ಇದ್ದದ್ದನ್ನು ಇದ್ದ ಹಾಗೆ ಬರಿ. ಪ್ರತಿ ಬಿರುಕು, ಪ್ರತಿ ಮೋರಿ, ಬಾರದ ಡಾಂಬರು. ಎಲ್ಲಕ್ಕಿಂತ ಮೊದಲು ಆ ಗೋಡೆ.

ಒಂದು ಎಚ್ಚರಿಕೆ. ಇಷ್ಟು ಕೆಟ್ಟಿದೆ ಎಂದು ಗೊತ್ತಾದ ಮೇಲೆ ರಿಪೇರಿ ಬೇಡ, ಮುಚ್ಚಿಯೇ ಬಿಡೋಣ ಎನ್ನುವವರೂ ಇದ್ದಾರೆ. ಇಷ್ಟು ವರ್ಷ ಯಾಕೆ ಬರೆಯಲಿಲ್ಲವೆಂದು ನಿನಗೆ ನೋಟಿಸ್ ಬರುತ್ತದೆ, ಅದು ಖಂಡಿತ. ರಸ್ತೆ ಉಳಿಯುತ್ತದೆ ಎಂದು ಮಾತು ಕೊಡಲು ನನ್ನಿಂದಾಗದು.

ಸಮಿತಿ ಮೇ 19ಕ್ಕೆ ಬರುತ್ತದೆ. ಅಪ್ಪನಿಗೂ ಕಾಗದ ಬರೆದಿದ್ದೇನೆ, ಇದೇ ಚೀಲದಲ್ಲಿದೆ.

ತಮ್ಮ


ಮೇಲಿನ ಗೇಟು
ಮೇ 21

ತಮ್ಮಾ,

ವರದಿ ಕಳಿಸಿದೆ. ಹನ್ನೊಂದು ಹಾಳೆ ಆಯಿತು. ಮೊದಲ ಸಾಲು ಬರೆಯಲು ಒಂದಿಡೀ ಮಧ್ಯಾಹ್ನ ಹಿಡಿಯಿತು, ಉಳಿದದ್ದು ತಾನಾಗಿ ಬಂತು.

ಈಗ ಸಮಿತಿಯ ಕತೆ ಕೇಳು. ದೊಡ್ಡವರು ಬರುತ್ತಾರೆಂದರೆ ನಮ್ಮಲ್ಲಿ ಏನು ನಡೆಯುತ್ತದೆಂದು ಗೊತ್ತಲ್ಲ. ಇಡೀ ರಸ್ತೆಯ ಅಂಚುಕಲ್ಲಿಗೂ ಕಟ್ಟೆಗೂ ಸುಣ್ಣ. ಹದಿನೇಳರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ರೋಲರ್ ಮಾವ ನಾಲ್ಕು ಡ್ರಮ್ಮು ಸುಣ್ಣ ಕಲಸಿಟ್ಟಿದ್ದ.

"ಸುಣ್ಣ ಬೇಡ ಮಾವ" ಎಂದೆ.

"ಅಯ್ಯೋ, ಮದುವೆಗೆ ಬಂದೋರ್ ಮುಂದೆ ಹರಿದ ಅಂಗಿ ಹಾಕ್ಕೊಂಡು ನಿಲ್ತಾರಾ ಮೇಸ್ತ್ರಮ್ಮ?"

"ಇದು ಮದುವೆ ಅಲ್ಲ, ಆಸ್ಪತ್ರೆ. ಅಂಗಿ ಬಿಚ್ಚಿ ತೋರಿಸ್ಬೇಕು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದು ಎರಡು ವರ್ಷ ಕಳೆದೆವು, ಸಾಕು ಎಂದೆ. ಅಪಾಯದ ಫಲಕಗಳಿಗೆಂದು ತಂದ ಕೆಂಪು ಬಣ್ಣ ಉಳಿದಿತ್ತು. ಒಂಬತ್ತು ಜನರಿಗೂ ಒಂದೊಂದು ಕುಂಚ ಕೊಟ್ಟು, ಕಂಡ ಪ್ರತಿ ಬಿರುಕಿನ ಸುತ್ತ ಗೆರೆ ಎಳೆಯಲು ಹೇಳಿದೆ. ಒಂದು ಗಂಟೆ ಯಾರೂ ಅಲುಗಾಡಲಿಲ್ಲ. ನಾನೊಬ್ಬಳೇ ಶುರು ಮಾಡಿದೆ. ನಾನು ಮೊದಲ ಮೋರಿ ಮುಗಿಸುವಾಗ ಗ್ಯಾಂಗಿನ ಗಾರೆ ಅತ್ತೆ ಬಂದು, "ನೀನು ಚಿಕ್ಕದ್ದೆಲ್ಲ ಬಿಟ್ಟುಬಿಡ್ತಿದ್ದೀಯ" ಎಂದು ಬೈದು ಕುಂಚ ಕಿತ್ತುಕೊಂಡಳು. ಎರಡು ದಿನಕ್ಕೆ ರಸ್ತೆಯ ಮೈತುಂಬ ಕೆಂಪು.

ಹದಿನೆಂಟರಂದು ಏಳನೇ ತಿರುವಿಗೆ ಒಂದು ಕಿಲೋಮೀಟರ್ ಮೊದಲೇ ಅಡ್ಡ ಸರಪಳಿ ಹಾಕಿ ಬಸ್ಸು ನಿಲ್ಲಿಸಿದೆ. ಯಾರ ಅಪ್ಪಣೆಯೂ ಇರಲಿಲ್ಲ. ರಸ್ತೆ ಮುಚ್ಚಬೇಡಿ ಎಂದು ಎಲ್ಲರ ಕಾಲು ಹಿಡಿಯುತ್ತಿದ್ದವಳು ಕೊನೆಗೆ ನನ್ನ ಕೈಯಿಂದಲೇ ಬೀಗ ಹಾಕಿದೆ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಪ್ಪ ನಿನ್ನ ಕಾಗದ ಓದಿ ಮಡಿಸಿ ದಿಂಬಿನ ಕೆಳಗಿಟ್ಟಿದ್ದರು. ಕೆಂಪು ಗೆರೆ ನೋಡಿ ಬಾಯಿಬಿಟ್ಟರು. "ಮನೆ ಮಾನ ಬೀದಿಗೆ ಹರವಿದೆಯಲ್ಲೇ. ಅವನು ಕಾಗದದಲ್ಲಿ ಕೊಂದ, ನೀನು ಬಣ್ಣದಲ್ಲಿ ಕೊಲ್ತಿದ್ದೀಯ" ಎಂದರು. ಅವತ್ತು ಊಟ ಮಾಡಲಿಲ್ಲ.

ಹತ್ತೊಂಬತ್ತಕ್ಕೆ ನಾಲ್ಕು ಜನ ಬಂದರು. ಮುಖ್ಯಸ್ಥೆ ಕುಳ್ಳಗಿನ ಒಬ್ಬ ಮೇಡಂ. ಜೊತೆಗೊಬ್ಬ ಎಂಜಿನಿಯರು. ಸರಪಳಿಯ ಹತ್ತಿರ ಜೀಪು ನಿಂತಿತು.

"ಗಾಡಿ ಮುಂದೆ ಹೋಗಲ್ವಾ?" ಎಂದು ಮೇಡಂ ಕೇಳಿದರು.

"ಹೋಗುತ್ತೆ ಮೇಡಂ. ವಾಪಸ್ ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ."

ಇಳಿದು ನಡೆದರು. ಎಂಜಿನಿಯರು ಗೋಡೆ ನೋಡಿದ್ದೇ ಎಲ್ಲರನ್ನೂ ಕಟ್ಟೆಯಿಂದ ಹಿಂದಕ್ಕೆ ಸರಿಸಿದರು. ಮೇಡಂ ನನ್ನ ಕಡೆ ತಿರುಗಿ, "ಇಷ್ಟಿದ್ದೂ ಪ್ರತಿ ತಿಂಗಳು ಸುಸ್ಥಿತಿ ಅಂತ ಯಾಕಮ್ಮ ಬರೆದ್ರಿ?" ಎಂದು ಕೇಳಿದರು. ಏನೇನೋ ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು, "ಹೆಮ್ಮೆಗೆ ಬರೆದೆ ಮೇಡಂ, ಬೇರೆ ಕಾರಣ ಇಲ್ಲ."

ಆಗ ಹಿಂದಿನಿಂದ ಕೋಲಿನ ಸದ್ದು. ಅಪ್ಪ. ಆ ಮಂಡಿಯಲ್ಲಿ ಎರಡು ಕಿಲೋಮೀಟರ್ ನಡೆದು ಬಂದಿದ್ದರು. ನನಗೆ ಬೈಯಲಿಕ್ಕೇ ಬಂದರೆಂದುಕೊಂಡೆ.

ಕೋಲನ್ನು ಗೋಡೆಯ ಕಡೆ ತೋರಿಸಿ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅವಳನ್ನ ಬಿಡಿ. ಈ ಗೋಡೆ ಕಟ್ಟಿಸ್ದೋನು ನಾನು. ಇದಕ್ಕೆ ನೀರು ಹೋಗೋ ಕಿಂಡಿ ಇತ್ತು, ಗಜಕ್ಕೊಂದು. ಕಿಂಡಿಯಿಂದ ಕೆಮ್ಮಣ್ಣಿನ ನೀರು ಇಳಿದು ಬಿಳೀ ಸುಣ್ಣದ ಮೇಲೆ ಕಲೆ ಆಗ್ತಿತ್ತು. ಕಟ್ಟೆ ಉದ್ಘಾಟನೆ ದಿನ ಚೆನ್ನಾಗಿ ಕಾಣ್ಲಿ ಅಂತ ಎಲ್ಲಾನೂ ಗಾರೆ ಹಾಕಿ ಮುಚ್ಚಿಸ್ದೆ. ಆಮೇಲೆ ಬಿಚ್ಚಿಸಿದ್ರಾಯ್ತು ಅಂದ್ಕೊಂಡೆ. ಆ ಆಮೇಲೆ ಅನ್ನೋದಕ್ಕೆ ಇಪ್ಪತ್ತೊಂಬತ್ತು ವರ್ಷ ಆಯ್ತು."

ಇಪ್ಪತ್ತೊಂಬತ್ತು ವರ್ಷ ಮಣ್ಣೊಳಗೆ ನೀರು ಕುಡಿಸಿಟ್ಟಿದ್ದೇವೆ ತಮ್ಮಾ, ಮೇಲೆ ಸುಣ್ಣ ಬಳಿಯುತ್ತ. ಈಗ ಕಿಂಡಿ ಕೊರೆಯೋಣವೆಂದರೆ ಎಂಜಿನಿಯರು ಬೇಡವೆಂದರು, ಕೊರೆದ ಪೆಟ್ಟಿಗೇ ಬಿದ್ದೀತಂತೆ. ಬುಡದಿಂದ ಹೊಸದಾಗಿ ಕಟ್ಟಬೇಕು.

ವಾಪಸ್ ಬರುವಾಗ ಅಪ್ಪನನ್ನು ಜೀಪಿನಲ್ಲಿ ಕೂರಿಸಲು ಹೋದೆ, ಕೂರಲಿಲ್ಲ. ನಾನೂ ಜೊತೆಗೆ ನಡೆದೆ. ದಾರಿಯುದ್ದಕ್ಕೂ ಒಂದೇ ಮಾತು ಆಡಿದರು: "ಅವನ ಅಕ್ಷರ ಮೊದಲಿಗಿಂತ ಚೆನ್ನಾಗಿದೆ."

ಅಕ್ಕ


ಹಳೆಯ ಕಡತಗಳ ಕೋಣೆ, ನೆಲಮಹಡಿ
ಜೂನ್ 6

ಅಕ್ಕ,

ವಿಳಾಸ ನೋಡಿ ಗಾಬರಿಯಾಗಬೇಡ. ನನ್ನನ್ನು ಕೆಳಗೆ ಹಾಕಿದ್ದಾರೆ. ಕಿಟಕಿಯೇ ಇಲ್ಲ, ಆದ್ದರಿಂದ ಎದುರು ಗೋಡೆ ನೋಡುವ ಕಾಟವೂ ತಪ್ಪಿತು.

ಮೇಲಿನ ಸುದ್ದಿ ಶಾಖಾಧಿಕಾರಿ ಮೇಡಂ ಹೇಳುತ್ತಿರುತ್ತಾರೆ. ಸಮಿತಿಯ ವರದಿ ನಿನ್ನ ಪರ ಇದೆ. ಆದರೆ ಹಿರಿಯ ಅಧಿಕಾರಿಯೊಬ್ಬರು ಕಡತದ ಮೇಲೆ ಒಂದೇ ಸಾಲು ಬರೆದಿದ್ದಾರೆ: ‘ರಸ್ತೆ ಈಗಾಗಲೇ ಮುಚ್ಚಿದೆ. ಮುಚ್ಚಿದ್ದರಿಂದ ಯಾವ ತೊಂದರೆಯೂ ವರದಿಯಾಗಿಲ್ಲ.’ ಅರ್ಥವಾಯಿತೇ? ನೀನು ಹಾಕಿದ ಸರಪಳಿಯನ್ನೇ ಹಿಡಿದುಕೊಂಡು ಶಾಶ್ವತವಾಗಿ ಮುಚ್ಚುವ ಹೊಂಚು. ಹೀಗೇ ಬಿಟ್ಟರೆ ಮುಂದಿನ ತಿಂಗಳು ಆದೇಶ ಬರುತ್ತದೆ.

ಎರಡು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಸರಪಳಿ ತೆಗೆದುಬಿಡು. ಬಸ್ಸು ನಿಧಾನವಾಗಿ, ಬೆಟ್ಟದ ಕಡೆಯಿಂದ ಹೋಗಲಿ. ಜನ ಓಡಾಡುತ್ತಿರುವ ರಸ್ತೆಯನ್ನು ಮುಚ್ಚಲು ಅವರಿಗೆ ಧೈರ್ಯ ಸಾಲದು. ಒಂದು ತಿಂಗಳು ಮಾತ್ರ. ಗೋಡೆ ಇಷ್ಟು ವರ್ಷ ನಿಂತಿದೆಯಲ್ಲ.

ತಮ್ಮ


ಮೇಲಿನ ಗೇಟು
ಜೂನ್ 13

ತಮ್ಮಾ,

ತೆಗೆಯುವುದಿಲ್ಲ.

ನೀನು ಹೇಳಿದ್ದನ್ನೇ ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಬಸ್ಸಿನ ಮಾಲೀಕರು ದಿನಾ ಬಂದು ಕೂಗಾಡುತ್ತಾರೆ. ನಮ್ಮ ಗ್ಯಾಂಗಿನವರೇ ನಿನ್ನೆ ಬಂದು, "ಕೆಲಸ ಹೋದ್ರೆ ನಮ್ಮ ಗತಿ ಏನು, ತೆಗೆದುಬಿಡಿ" ಎಂದರು. "ಆಯ್ತು. ಯಾರು ತೆಗೀಬೇಕು ಅಂತೀರೋ ಅವರು ಬಂದು ನನ್ನ ಜೊತೆ ಅರ್ಧ ಗಂಟೆ ಆ ಗೋಡೆ ಕೆಳಗೆ ನಿಂತ್ಕೊಳ್ಳಿ, ಆಮೇಲೆ ಬೀಗದ ಕೈ ಕೊಡ್ತೀನಿ" ಎಂದೆ. ಒಬ್ಬರೂ ಬರಲಿಲ್ಲ.

ನಿನಗೂ ಅದನ್ನೇ ಹೇಳುತ್ತೇನೆ. ‘ಇಷ್ಟು ವರ್ಷ ನಿಂತಿದೆಯಲ್ಲ’ ಎಂದು ಬರೆದೆಯಲ್ಲ, ಆ ಮಾತು ಅಪ್ಪನದು, ನನ್ನದು. ಮೂವತ್ತೇಳು ವರ್ಷ ನಾವಿಬ್ಬರೂ ಹೇಳಿಕೊಂಡು ಬಂದದ್ದು. ಅದು ಸುಳ್ಳೆಂದು ಕಲಿಯಲು ಮೊನ್ನೆ ಮೊನ್ನೆ ಅಷ್ಟು ಬೆಲೆ ತೆತ್ತಿದ್ದೇವೆ. ಈಗ ರಸ್ತೆ ಉಳಿಸುವ ನೆಪದಲ್ಲಿ ಮತ್ತೆ ಅದೇ ಸುಳ್ಳು ಹೇಳಿಸಬೇಡ. ಮುಚ್ಚಿದರೆ ಮುಚ್ಚಲಿ. ಮುಚ್ಚುವ ದಿನದ ತನಕ ಜಗಳ ಆಡುತ್ತೇನೆ, ಮುಚ್ಚಿದ ಮೇಲೂ ಆಡುತ್ತೇನೆ. ಆದರೆ ನಲವತ್ತು ಜನರನ್ನು ಆ ಕಟ್ಟೆಯ ಮೇಲೆ ನಿಲ್ಲಿಸಿ ಆಡುವುದಿಲ್ಲ.

ಮಳೆ ಶುರುವಾಗಿದೆ. ಅಪ್ಪ ಬೆಳಿಗ್ಗೆ ಕುರ್ಚಿ ಹೊರಿಸಿಕೊಂಡು ಹೋಗಿ ಸರಪಳಿಯ ಪಕ್ಕ ಕೂರುತ್ತಾರೆ, ಛತ್ರಿ ಬಿಡಿಸಿಕೊಂಡು. ಬಸ್ಸಿನವರು ಬಂದರೆ ಅವರೇ ಮಾತಾಡುತ್ತಾರೆ. ಏನು ಹೇಳುತ್ತಾರೋ, ಬಂದವರು ತೆಪ್ಪಗೆ ತಿರುಗಿ ಹೋಗುತ್ತಾರೆ.

ನನಗೆ ನೋಟಿಸ್ ಬಂತು. ‘ತಪ್ಪಾಗಿದೆ’ ಎಂದು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟೆ.

ಅಕ್ಕ


ಮೇಲಿನ ಗೇಟು
ಜೂನ್ 23, ಭಾನುವಾರ

ತಮ್ಮಾ,

ಗೋಡೆ ಬಿತ್ತು. ಇಂದು ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ.

ಯಾರಿಗೂ ಏನೂ ಆಗಿಲ್ಲ. ಇದನ್ನು ಮೊದಲು ಬರೆಯಬೇಕಿತ್ತು. ನಾನು ಸರಪಳಿಯ ಹತ್ತಿರ ಅಪ್ಪನಿಗೆ ಟೀ ಕೊಡುತ್ತಿದ್ದೆ. ಗುಡುಗು ಎಂದುಕೊಂಡೆ, ಗುಡುಗಿನ ಹಾಗೆ ಶುರುವಾಯಿತು, ನಿಲ್ಲಲೇ ಇಲ್ಲ. ಓಡಿಹೋಗಿ ನೋಡಿದರೆ ನೋಟದ ಕಟ್ಟೆ ಇದ್ದ ಜಾಗದಲ್ಲಿ ಬರೀ ಮಂಜು. ಕಟ್ಟೆ, ಬೆಂಚುಗಳು, ಅರ್ಧ ರಸ್ತೆ, ಎಲ್ಲ ಕಣಿವೆಯೊಳಗೆ. ಕೆಂಪು ಗೆರೆ ಎಳೆದ ಒಂದು ಕಲ್ಲು ಮಾತ್ರ ಅಂಚಿನಲ್ಲಿ ಸಿಕ್ಕಿಕೊಂಡಿತ್ತು.

ಭಾನುವಾರದ ಮೊದಲ ಬಸ್ಸು ಹತ್ತಕ್ಕೆ ಬಂದು ಅಲ್ಲೇ ಅರ್ಧ ಗಂಟೆ ನಿಲ್ಲುತ್ತಿತ್ತು.

ನಾನು ರಸ್ತೆಯ ಮೇಲೆ ಕುಳಿತು ಅತ್ತೆ. ಗಾರೆ ಅತ್ತೆ ಬಂದು ತಬ್ಬಿಕೊಂಡಳು. ಅಪ್ಪ ಕುರ್ಚಿಯಿಂದ ಏಳಲಿಲ್ಲ. ನಾನು ತಿರುಗಿ ಬಂದಾಗ "ಬಸ್ಸು?" ಎಂದು ಕೇಳಿದರು. ಬಸ್ಸು ಬಂದಿರಲಿಲ್ಲವೆಂದು ಅವರಿಗೆ ಗೊತ್ತು, ತಡೆದು ಕೂತಿದ್ದವರೇ ಅವರು. ಆದರೂ ಮೂರು ಸಲ ಕೇಳಿದರು. ಮೂರು ಸಲವೂ "ಇರಲಿಲ್ಲ ಅಪ್ಪ" ಎಂದೆ.

ಜೂನ್ ವರದಿಯನ್ನು ಈಗಲೇ ಬರೆದು ಮುಗಿಸಿದೆ. ಒಂದು ಪ್ರತಿ ನಿನಗೆ. ನಿನ್ನ ಮೇಡಂಗೆ ಕೊಡು, ಆ ಒಂದು ಸಾಲು ಬರೆದ ಹಿರಿಯರ ಮೇಜಿನ ಮೇಲೂ ಒಂದಿಡಿಸು. ಸರಪಳಿ ಯಾಕೆ ಹಾಕಿದ್ದೆನೆಂದು ಅವರೇ ಓದಿಕೊಳ್ಳಲಿ.

ಅಕ್ಕ


ಹಳೆಯ ಕಡತಗಳ ಕೋಣೆ
ಜುಲೈ 19

ಅಕ್ಕ,

ನಿನ್ನ ಭಾನುವಾರದ ಕಾಗದ ಓದಿದ ದಿನ ನಾನು ನಿನಗೆ ಬರೆದದ್ದು ನೆನಪಾಯಿತು, ‘ಸರಪಳಿ ತೆಗೆದುಬಿಡು’ ಎಂದು. ಅದನ್ನು ನೀನು ಕೇಳಿದ್ದಿದ್ದರೆ? ನಾನು ಅನುದಾನ ತಪ್ಪಿಸಿದ ಟಿಪ್ಪಣಿಗಿಂತ ಆ ಕಾಗದ ನನ್ನನ್ನು ಹೆಚ್ಚು ಕಾಡುತ್ತದೆ. ಇದನ್ನು ಹೇಳದೆ ಸುದ್ದಿ ಹೇಳಲು ಮನಸ್ಸಾಗಲಿಲ್ಲ.

ಸುದ್ದಿ ಇದು: ಸರಪಳಿ ಹಾಕಿದ್ದು ರಸ್ತೆ ಮುಚ್ಚಲಿಕ್ಕಲ್ಲ, ಜೀವ ಉಳಿಸಲಿಕ್ಕೆಂದು ನಿನ್ನ ಜೂನ್ ವರದಿ ಓದಿದ ಮೇಲೆ ಆ ಹಿರಿಯರೂ ಒಪ್ಪಿದರು, ಆದೇಶಕ್ಕೆ ನಿನ್ನೆ ಸಹಿ ಬಿತ್ತು. ಹೊಸ ಗೋಡೆ, ಮೋರಿಗಳ ರಿಪೇರಿ, ಮತ್ತು ಮೂರು ವರ್ಷದ ನಿರ್ವಹಣೆ. ಗ್ಯಾಂಗಿನ ಒಂಬತ್ತು ಜನವೂ ಅಲ್ಲೇ ಇರುತ್ತಾರೆ. ಮೂರು ವರ್ಷದ ನಂತರ ಮತ್ತೆ ಪರಿಶೀಲನೆ, ಅದಕ್ಕಿಂತ ಹೆಚ್ಚಿಗೆ ಯಾರೂ ಒಪ್ಪಲಿಲ್ಲ. ನಿನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಷರಾ ಉಳಿಯುತ್ತದೆ, ನನ್ನದರಲ್ಲೂ. ಸಮಿತಿಯ ಮುಖ್ಯಸ್ಥೆ ಮೇಡಂ ಹನ್ನೊಂದು ರಸ್ತೆಗೂ ಸುತ್ತೋಲೆ ಹೊರಡಿಸಿದ್ದಾರೆ: ವರದಿಯಲ್ಲಿ ಒಂದೇ ಪದ ಬರೆದು ಕಳಿಸಿದರೆ ಇನ್ನು ಮುಂದೆ ಸ್ವೀಕರಿಸುವುದಿಲ್ಲ.

ನನಗೆ ಹತ್ತು ದಿನ ರಜೆ ಸಿಕ್ಕಿದೆ. ಬರಲೇ? ಅಪ್ಪ ಮುಖ ಕೊಟ್ಟು ಮಾತಾಡುತ್ತಾರೆಯೇ?

ತಮ್ಮ


ಮೇಲಿನ ಗೇಟು
ಜುಲೈ 30

ತಮ್ಮಾ,

ಆದೇಶದ ಪ್ರತಿ ಬಂತು. ಗ್ಯಾಂಗಿನವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ರೋಲರ್ ಮಾವ, "ಮೂರೇ ವರ್ಷನಾ?" ಎಂದ. "ಮೂರು ವರ್ಷ ಆದ್ಮೇಲೆ ಇನ್ನೂ ಮೂರು ಕಿತ್ಕೊಂಡು ಬರೋಣ, ಈಗ ಎದ್ದೇಳು" ಎಂದೆ. ಬುಡ ಅಗೆಯುವ ಕೆಲಸ ಸೋಮವಾರವೇ ಶುರುವಾಗಿದೆ. ಮಳೆ ಬಿಟ್ಟಾಗ ಅಗೆಯುತ್ತೇವೆ, ಬಂದಾಗ ತೋಡಿದ್ದು ತುಂಬುತ್ತದೆ, ಮತ್ತೆ ಅಗೆಯುತ್ತೇವೆ. ರಸ್ತೆ ತೆರೆಯಲು ಮುಂದಿನ ಏಪ್ರಿಲ್ ಆದೀತು. ಆಗಿಯೇ ಆಗುತ್ತದೆ.

ಆ ಸರಪಳಿಯ ಕಾಗದದ ಮಾತು ಬಿಡು. ನೀನು ಬರೆದೆ, ನಾನು ಕೇಳಲಿಲ್ಲ. ಚಿಕ್ಕಂದಿನಿಂದಲೂ ನಾನು ನಿನ್ನ ಮಾತು ಎಲ್ಲಿ ಕೇಳಿದ್ದೇನೆ?

ಅಪ್ಪನ ಬಗ್ಗೆ ಕೇಳಿದೆ. ಅವರು ಮುಖ ಕೊಟ್ಟು ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೆ ನಿನ್ನೆ ಬೆಳಿಗ್ಗೆಯಿಂದ ಒಳಕೋಣೆಯ ಮಂಚದ ಮೇಲಿದ್ದ ಸಾಮಾನೆಲ್ಲ ಇಳಿಸಿ ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ. ಯಾರಿಗೆಂದು ಕೇಳಿದರೆ ಹಾಸಿಗೆಗೆ ತಂಡಿ ಹಿಡಿದಿದೆ ಎಂದರು.

ಬಾ. ಗೋಡೆಯ ಕೆಲಸ ಮುಗಿಯುವವರೆಗೆ ಬಸ್ಸು ಕೆಳಗಿನ ಗೇಟಿನ ತನಕ ಮಾತ್ರ ಬರುತ್ತದೆ. ಅಲ್ಲಿ ಇಳಿದು ಮೇಲಕ್ಕೆ ನಡೆಯಬೇಕು, ಗಟ್ಟಿ ಬೂಟು ಹಾಕಿಕೊಂಡು ಬಾ. ಯಾವ ದಿನವೆಂದು ಬರಿ. ನಾನು ಈ ಕಡೆಯಿಂದ ಇಳಿದು ಬರುತ್ತೇನೆ, ನಡುದಾರಿಯಲ್ಲಿ ಸಿಗೋಣ.

ಅಕ್ಕ